ಎತ್ತು ಏರಿಗೆ, ಕೋಣ ನೀರಿಗೆ: ಟ್ಯೂನಿಂಗ್ ಡಬ್ಬಿ ಹಾಕಿಸಿದ ಬೈಕು ಕೈಕೊಟ್ಟಾಗ

"ಡಬ್ಬಿ ಹಾಕ್ಸಿದ್ಮೇಲೆ ಗಾಡಿ ಕೆಟ್ಟೋತು ಅಣ್ಣ" ಎಂದು ಮೆಕ್ಯಾನಿಕ್ ಮುಂದೆ ಬಂದು ನಿಲ್ಲುವವರ ಗಾಡಿಯಲ್ಲಿ ಡಬ್ಬಿಯೇ ಕೆಟ್ಟಿರುವುದು ಅಪರೂಪ. ಕಪ್ಲರ್ ಒಳಗಿನ ಪಿನ್ನೊಂದು ಹಿಂದಕ್ಕೆ ಸರಿದಿರುತ್ತದೆ. ಅರ್ತ್ ವೈರನ್ನು ಪೇಂಟ್ ಬಳಿದ ಬೋಲ್ಟಿಗೆ ಬಿಗಿದಿರುತ್ತಾರೆ. ಹೊಸ ಸೈಲೆನ್ಸರ್‌ನ ಗ್ಯಾಸ್ಕೆಟ್ ಸೋರುತ್ತಿರುತ್ತದೆ. ಅದೂ ಅಲ್ಲದಿದ್ದರೆ, ಡಬ್ಬಿ ಬರುವ ಮೊದಲೇ ಗಾಡಿಯಲ್ಲಿ ಅಡಗಿದ್ದ ರೋಗ ಈಗ ಎದ್ದು ಕೂತಿರುತ್ತದೆ. ಇವನ್ನೆಲ್ಲ ನೋಡದೆ ಮ್ಯಾಪ್, ಅಂದರೆ ಡಬ್ಬಿಯೊಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿ, ಬದಲಿಸುವುದಕ್ಕೇ ಕೈ ಹಾಕಿದರೆ ಒಂದು ಹೋಗಿ ಎರಡಾಗುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ, ರಾಂಪುರ, ಹಾನಗಲ್ ಸುತ್ತಲಿನ ಊರುಗಳಲ್ಲಿ ಬೈಕೆಂದರೆ ಶೋಕಿಯೂ ಹೌದು, ಹೊಲಮನೆಯ ಗಾಡಿಯೂ ಹೌದು. ಬೆಳಿಗ್ಗೆ ಶೇಂಗಾ ಹೊಲದ ಮಣ್ಣುದಾರಿಯಲ್ಲಿ ಎರಡನೇ ಗೇರಿನಲ್ಲಿ ತೆವಳಿದ ಗಾಡಿಯೇ ಮಧ್ಯಾಹ್ನ ಬಳ್ಳಾರಿ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದಾಗ ಹೊಸ ಗಾಡಿಗಳ ಪೈಕಿ ಬಹುಪಾಲಿನಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಅದು ತೀರಾ ಹೊಸ ವಿದ್ಯೆಯೇನಲ್ಲ, ಹೀರೊ ಹೋಂಡಾ ಗ್ಲಾಮರ್‌ನಲ್ಲಿ 2006ರಲ್ಲೇ ಬಂದಿತ್ತು. ಹೊಸದೆಂದರೆ ಹೊಗೆಯ ಬಿಗಿ ಲೆಕ್ಕ. ಆ ಲೆಕ್ಕಕ್ಕೆ ಕೂರಲೆಂದು ಕಂಪನಿಯವರು ಪೆಟ್ರೋಲನ್ನು ಅಳೆದು ಸುರಿದು ಬಿಡುತ್ತಾರೆ. ಅದರಿಂದ ಕೆಲವು ಮಾಡೆಲ್‌ಗಳಲ್ಲಿ ನಿಧಾನ ಓಟದಲ್ಲಿ ಜರ್ಕ್, ಬಿಸಿಲಿನಲ್ಲಿ ಎಂಜಿನ್ ಕಾವು, ಎಕ್ಸಿಲೇಟರ್ ಬಿಟ್ಟಾಗ ಪಟಪಟ. "ಒಂದು ಡಬ್ಬಿ ಹಾಕ್ಸು, ಎಲ್ಲ ಸರಿಹೋಗ್ತದೆ" ಎಂಬ ಸಲಹೆ ಬರುವುದು ಆಗಲೇ. ಸರಿಹೋಗುವುದೂ ಉಂಟು. ಹೋಗದಿದ್ದಾಗ ಏನು ಮಾಡಬೇಕೆಂಬುದಷ್ಟೇ ಇಲ್ಲಿನ ವಿಷಯ.

ಯಾವ ಡಬ್ಬಿ ಎಂಬುದು ಮೊದಲು ಗೊತ್ತಿರಲಿ

ಮಾರುಕಟ್ಟೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಕೆಲಸ ಮಾತ್ರ ಬೇರೆ ಬೇರೆ. ಒಂದು ಜಾತಿ, ಗಾಳಿಯ ಬಿಸಿ ಅಳೆಯುವ ಸೆನ್ಸಾರ್‌ಗೆ ಜೋಡಿಸುವ ಸಣ್ಣ ತುಂಡು. ಗಾಳಿ ಇರುವುದಕ್ಕಿಂತ ಇಪ್ಪತ್ತು ಡಿಗ್ರಿ ತಣ್ಣಗಿದೆ ಎಂದು ಅದು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಸುಳ್ಳು ಹೇಳುತ್ತದೆ. ತಣ್ಣನೆ ಗಾಳಿ ದಟ್ಟ, ಆದ್ದರಿಂದ ಇಸಿಯು ನೂರಕ್ಕೆ ಆರೇಳರಷ್ಟು ಪೆಟ್ರೋಲ್ ಹೆಚ್ಚಿಗೆ ಬಿಡುತ್ತದೆ. ಇನ್ನೊಂದು ಜಾತಿ ಆಕ್ಸಿಜನ್ ಸೆನ್ಸಾರ್ ಕಳಿಸುವ ಸುದ್ದಿಯನ್ನು ನಡುದಾರಿಯಲ್ಲಿ ತಿದ್ದುತ್ತದೆ. ಮೂರನೆಯದು ಪಿಗ್ಗಿಬ್ಯಾಕ್: ಇಸಿಯುಗೂ ಇಂಜೆಕ್ಟರ್‌ಗೂ ನಡುವೆ ಕೂತು, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ನಮ್ಮ ಬೆಂಗಳೂರಿನ ರೇಸ್ ಡೈನಮಿಕ್ಸ್ ಕಂಪನಿಯ ಪವರ್‌ಟ್ರಾನಿಕ್, ಫ್ಯೂಯಲ್‌ಎಕ್ಸ್ ಈ ಗುಂಪಿನವು. ಪವರ್‌ಟ್ರಾನಿಕ್ ಪೆಟ್ರೋಲಿನ ಜೊತೆ ಕಿಡಿ ಹಾರುವ ಹೊತ್ತನ್ನೂ ಬದಲಿಸುತ್ತದೆ. ಇದಲ್ಲದೆ ಡಬ್ಬಿಯೇ ಇಲ್ಲದ ರೀಫ್ಲ್ಯಾಶ್ ಇದೆ, ಅಂದರೆ ಇಸಿಯು ಒಳಗಿನ ಬರಹವನ್ನೇ ತಿದ್ದುವುದು. ಅದನ್ನು ಮಾಡಿಸಿದ್ದರೆ ಮುಂದೆ ಹೇಳುವ 'ಬಿಚ್ಚಿ ನೋಡುವ' ಪರೀಕ್ಷೆ ನಡೆಯುವುದಿಲ್ಲ. ಹಳೆಯ ಫೈಲ್ ಇಟ್ಟುಕೊಂಡಿದ್ದಾರೆಯೇ ಎಂದು ಮಾಡಿಕೊಟ್ಟವರನ್ನೇ ಕೇಳಬೇಕು.

ಮೊದಲು ಬಿಚ್ಚಿ, ಆಮೇಲೆ ಬೈಯಿರಿ

ಏನೇ ತೊಂದರೆ ಇರಲಿ, ಮೊದಲ ಕೆಲಸ ಡಬ್ಬಿಯನ್ನು ಪೂರ್ತಿ ಹೊರಗೆ ತೆಗೆದು ಕಂಪನಿಯ ಕಪ್ಲರ್‌ಗಳನ್ನು ಒಂದಕ್ಕೊಂದು ಮೊದಲಿದ್ದಂತೆ ಜೋಡಿಸುವುದು. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿದ ಮೇಲೆಯೇ ಇದಕ್ಕೆ ಕೈ ಹಾಕಿ. ಡಬ್ಬಿಯ ಅರ್ಧ ವೈರು ಗಾಡಿಯಲ್ಲಿ ಉಳಿಸಿ, ಇನ್ನರ್ಧ ಬಿಚ್ಚಿ ನೋಡುವುದು ಪರೀಕ್ಷೆಯಲ್ಲ. ವೈರು ಕತ್ತರಿಸಿ, ತಿರುಚಿ, ಟೇಪ್ ಸುತ್ತಿ ಕೂರಿಸಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿದಂತೆ. ಒಳ್ಳೆಯ ಡಬ್ಬಿ ಕಪ್ಲರ್‌ನಿಂದ ಕಪ್ಲರ್‌ಗೆ ಕೂರುತ್ತದೆ, ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ.

ಬಿಚ್ಚಿದ ಮೇಲೆ ತೊಂದರೆ ಹಾಗೇ ಇದ್ದರೆ ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಗಾಡಿಯ ರೋಗ ಗಾಡಿಯದೇ, ಅದನ್ನು ಮೊದಲು ವಾಸಿ ಮಾಡಿ. ತೊಂದರೆ ಮಾಯವಾದರೆ ಡಬ್ಬಿಯನ್ನು ಮತ್ತೆ ಹಾಕಿ ನೋಡಲೇಬೇಕು. ಮತ್ತೆ ಹಾಕಿದಾಗ ತೊಂದರೆ ಬರಲಿಲ್ಲವೋ, ಕಪ್ಲರ್ ಸರಿಯಾಗಿ ಕೂತಿರಲಿಲ್ಲ ಎಂದರ್ಥ. ಬಿಚ್ಚಿ ಹಾಕುವುದರಲ್ಲೇ ಪಿನ್ನುಗಳು ಉಜ್ಜಿ ಸ್ವಚ್ಛವಾಗಿರುತ್ತವೆ. ಮತ್ತೆ ಬಂತೋ, ಆಗ ಮಾತ್ರ ಡಬ್ಬಿ, ಅದರ ಮ್ಯಾಪ್ ಮತ್ತು ವೈರಿಂಗ್ ಮೇಲೆ ಅನುಮಾನ ಪಡಿ.

ಇಲ್ಲೊಂದು ಸೂಕ್ಷ್ಮ ಇದೆ. ಇಸಿಯು ಕಲಿಯುವ ಯಂತ್ರ. ಡಬ್ಬಿ ಹೆಚ್ಚಿಗೆ ಬಿಟ್ಟ ಪೆಟ್ರೋಲನ್ನು ಕಂಡು ಅದು ತನ್ನ ಲೆಕ್ಕದಲ್ಲಿ ಕಡಿಮೆ ಮಾಡಿಕೊಂಡಿರಬಹುದು. ಡಬ್ಬಿ ತೆಗೆದ ತಕ್ಷಣ ಆ ಹಳೆಯ ಲೆಕ್ಕ ಅಳಿಯುವುದಿಲ್ಲ, ಹಾಗಾಗಿ ಗಾಡಿ ಸ್ವಲ್ಪ ದೂರ ಇನ್ನೂ ಕೆಟ್ಟದಾಗಿ ಓಡಬಹುದು. ಹಟ್ಟಿ ಸುತ್ತ ಒಂದು ಸುತ್ತು ಹೊಡೆದು ತೀರ್ಪು ಕೊಡಬೇಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನಿಧಾನವಾಗಿಯೂ ಒಂದೇ ವೇಗದಲ್ಲಿಯೂ ದೇವಸಮುದ್ರದಿಂದ ಮೊಳಕಾಲ್ಮುರಿಗೆ ಹೋಗಿಬಂದು ಆಮೇಲೆ ಹೇಳಿ. ಕೆಟಿಎಂ ಓಡಿಸುವವರಲ್ಲಿ ಎಂಜಿನ್ನನ್ನು ಎಕ್ಸಿಲೇಟರ್ ಮುಟ್ಟದೆ ಹದಿನೈದು ನಿಮಿಷ ಐಡ್ಲಿಂಗಿನಲ್ಲಿ ಬಿಡುವ ರೂಢಿ ಇದೆ. ಅದೂ ಈ ಕಲಿಕೆಗೇ. ಎಲ್ಲ ಗಾಡಿಗೂ ಅದೇ ಮಂತ್ರ ನಡೆಯುವುದಿಲ್ಲ. ನಿಮ್ಮ ಮಾಡೆಲಿನ ರೀಸೆಟ್ ಹೇಗೆಂದು ಶೋರೂಮಿನ ಮೆಕ್ಯಾನಿಕ್ಕನ್ನು ಕೇಳುವುದು ಲೇಸು.

ಕಪ್ಲರ್‌ನ ಒಳಗೆ ಬೆಳಕು ಬಿಡಿ

ಸೀಟು, ಟ್ಯಾಂಕಿನ ಪಕ್ಕದ ಪ್ಯಾನೆಲ್ ಬಿಚ್ಚಿ ಇಂಜೆಕ್ಟರ್‌ನ ಕಪ್ಲರನ್ನು ಕೈಗೆ ತಗೊಳ್ಳಿ. ಎರಡೇ ವೈರು. ಒಂದರಲ್ಲಿ ಕೀ ಆನ್ ಇದ್ದಾಗ ಬ್ಯಾಟರಿಯ 12 ವೋಲ್ಟ್ ಬರುತ್ತದೆ, ಇನ್ನೊಂದನ್ನು ಇಸಿಯು ಕ್ಷಣಕ್ಷಣಕ್ಕೂ ಅರ್ತ್‌ಗೆ ಮುಟ್ಟಿಸಿ ಬಿಡುತ್ತದೆ. ಪಿಗ್ಗಿಬ್ಯಾಕ್ ತೂರಿಕೊಳ್ಳುವುದು ಈ ಎರಡನೇ ವೈರಿನಲ್ಲಿ. ಮೊಬೈಲಿನ ಟಾರ್ಚ್ ಹಾಕಿ ಕಪ್ಲರ್‌ನ ಬಾಯಿಯೊಳಗೆ ನೋಡಿ: ಎರಡು ಪಿನ್ನೂ ಒಂದೇ ಮಟ್ಟದಲ್ಲಿರಬೇಕು. ಒಂದು ಒಳಗೆ ಕೂತಂತೆ ಕಂಡರೆ, ಜೋಡಿಸುವಾಗ ಅದು ಹಿಂದಕ್ಕೆ ತಳ್ಳಿಹೋಗಿದೆ. ಹೊರಗಿನಿಂದ ಕಪ್ಲರ್ ಟಕ್ಕೆಂದು ಲಾಕ್ ಆಗಿರುತ್ತದೆ, ಒಳಗೆ ಪಿನ್ನು ಮುಟ್ಟಿಯೂ ಮುಟ್ಟದಂತಿರುತ್ತದೆ. ನಿಂತಾಗ ಸರಿಯಾಗಿ ನಡೆದು ಹಳ್ಳದ ದಾರಿಯಲ್ಲಿ ಮಿಸ್ಸಿಂಗ್ ಹೊಡೆಯುವ ಗಾಡಿಗಳ ಗುಟ್ಟು ಹಲವು ಸಲ ಇಷ್ಟೇ. ಹಿಂದಿನಿಂದ ವೈರನ್ನು ಮೆಲ್ಲಗೆ ಎಳೆದು ನೋಡಿ. ಪಿನ್ನು ಕೂತಿದ್ದರೆ ಬರುವುದಿಲ್ಲ, ಲಾಕ್ ತಪ್ಪಿದ್ದರೆ ಕೈಗೇ ಬಂದುಬಿಡುತ್ತದೆ.

ಬಾಯಿಯ ಸುತ್ತ ಇರುವ ರಬ್ಬರ್ ಉಂಗುರವೂ ಮುಖ್ಯ. ಡಬ್ಬಿ ಹಾಕುವಾಗ ಅದು ಕೆಳಗೆ ಬಿದ್ದುಹೋಗಿದ್ದರೆ, ಮುಂದಿನ ಪ್ರೆಶರ್ ವಾಟರ್‌ವಾಶ್‌ಗೆ ನೀರು ಒಳಗೆ ಸೇರುತ್ತದೆ. ಹಸಿರು ಪಾಚಿಯಂತೆ ಕಾಣುವುದು ತಾಮ್ರ ತಿಂದ ಗುರುತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಪಿನ್ನಿನ ಮೇಲ್ಮೈ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಅರ್ತ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಡಬ್ಬಿಯ ಕಪ್ಪು ವೈರು ನೇರವಾಗಿ ಬ್ಯಾಟರಿಯ ಮೈನಸ್‌ಗೇ ಹೋಗಲಿ. ಚಾಸಿಸ್‌ನ ಯಾವುದೋ ಬೋಲ್ಟಿಗೆ ಕಟ್ಟಿದರೆ ಪೇಂಟ್, ತುಕ್ಕು, ಧೂಳು ಎಲ್ಲ ನಡುವೆ ಬರುತ್ತವೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಡಬ್ಬಿಯ ಅರ್ತ್‌ಗೆ ಹಿಡಿದು ಎಂಜಿನ್ ಓಡುವಾಗ ನೋಡಿ. ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ತೋರಿಸಿದರೂ ಅರ್ತ್ ಕೆಟ್ಟಿದೆ ಎಂದೇ ತಿಳಿಯಿರಿ. ನಮ್ಮ ಕಡೆಯ ಗಾಡಿಗಳಲ್ಲಿ ಅದೇ ವೈರಿಂಗಿಗೆ ಎಲ್‌ಇಡಿ ಫಾಗ್ ಲೈಟು, ಏರ್ ಹಾರ್ನ್, ಮೊಬೈಲ್ ಚಾರ್ಜರ್ ಎಲ್ಲ ಬಿದ್ದಿರುತ್ತವೆ. ಹಾರ್ನ್ ಒತ್ತಿದಾಗ ಎಂಜಿನ್ ತಡವರಿಸಿದರೆ ಮ್ಯಾಪ್ ತಿರುಗಿಸಿ ಪ್ರಯೋಜನವಿಲ್ಲ.

ಕ್ರ್ಯಾಂಕ್ ಸೆನ್ಸಾರ್‌ನ ವೈರನ್ನೂ ಹಿಡಿಯುವ ಡಬ್ಬಿಯಾದರೆ ಇನ್ನೊಂದು ಎಚ್ಚರ. ಆ ಎರಡು ವೈರು ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗದಿರಬಹುದು, ಸ್ಟಾರ್ಟ್ ಆದರೂ ಮೇಲಿನ ರೇಸಿನಲ್ಲಿ ಗುದ್ದಾಡಬಹುದು. ವೈರನ್ನು ಸ್ಪಾರ್ಕ್ ಪ್ಲಗ್ಗಿನ ದಪ್ಪ ವೈರಿಗೆ ತಾಗಿಸಿ ಕಟ್ಟಬೇಡಿ, ಸೈಲೆನ್ಸರ್ ಬೆಂಡಿನ ಹತ್ತಿರವಂತೂ ಬೇಡವೇ ಬೇಡ.

ಕೀ ತಿರುಗಿಸಿದಾಗ ಕಿವಿ ಕೊಡಿ

ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ ಎಂದರೆ ಕೀ ಆನ್ ಮಾಡಿ ಸುಮ್ಮನೆ ನಿಲ್ಲಿ. ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡು 'ಗುಂಯ್' ಎಂಬ ಸದ್ದು ಬರಬೇಕು. ಪಂಪು ಪೈಪಿನಲ್ಲಿ ಒತ್ತಡ ಕಟ್ಟುವ ಸದ್ದು ಅದು. ಸದ್ದೇ ಇಲ್ಲದಿದ್ದರೆ ಕಿಲ್ ಸ್ವಿಚ್, ಆಮೇಲೆ ಫ್ಯೂಸ್, ಆಮೇಲೆ ಬ್ಯಾಟರಿ ನೋಡಿ. ನಗಬೇಡಿ, ಕಿಲ್ ಸ್ವಿಚ್ ಆಫ್ ಇದ್ದದ್ದಕ್ಕೆ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಬಂದವರಿದ್ದಾರೆ. ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಬೇಕು, ಸೆಲ್ಫ್ ಹೊಡೆಯುವಾಗ ಹತ್ತಕ್ಕಿಂತ ತೀರಾ ಕೆಳಗಿಳಿಯಬಾರದು, ಎಂಜಿನ್ ಓಡುವಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ ಇರಬೇಕು. ವೋಲ್ಟೇಜ್ ಬಿದ್ದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಇಸಿಯು ನಡುವೆ ಸತ್ತು ಹುಟ್ಟುತ್ತದೆ, ಡಬ್ಬಿಗೂ ತಲೆ ಕೆಡುತ್ತದೆ. ಕಾರ್ಬೊರೇಟರ್ ಗಾಡಿಯಂತೆ ಸತ್ತ ಬ್ಯಾಟರಿಯಲ್ಲೂ ಕಿಕ್ ಹೊಡೆದು ಹೊರಡುವ ಕಾಲ ಮುಗಿಯಿತು.

ಪಂಪಿನ ಸದ್ದು ಇದೆ, ಆದರೂ ಹತ್ತುತ್ತಿಲ್ಲ ಎಂದರೆ ಒತ್ತಡ ಅಳೆಯಬೇಕು. ಬಹುತೇಕ ಬೈಕುಗಳಲ್ಲಿ ಅದು 3 ಬಾರ್‌ನ ಆಸುಪಾಸು. ಇದಕ್ಕೆ ಗೇಜು ಬೇಕು, ಒತ್ತಡದ ಪೈಪು ಕಳಚುವ ಕೆಲಸ ಬೀಡಿ ಹಚ್ಚಿಕೊಂಡು ನೋಡುವ ಗುಂಪಿನ ನಡುವೆ ಮಾಡುವಂಥದ್ದಲ್ಲ. ಮೆಕ್ಯಾನಿಕ್‌ಗೇ ಬಿಡಿ. ಇಂಜೆಕ್ಟರ್‌ನ ಎರಡು ಪಿನ್ನಿನ ನಡುವೆ ಓಮ್ ಅಳೆಯುವುದು ಮನೆಯಲ್ಲೇ ಆಗುತ್ತದೆ: ಸಾಮಾನ್ಯವಾಗಿ ಹತ್ತರಿಂದ ಹದಿನೈದರೊಳಗೆ ಬರುತ್ತದೆ. ಮೀಟರು ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಹರಿದಿದೆ. ಇಂಜೆಕ್ಟರ್‌ಗೆ ನೇರವಾಗಿ ಬ್ಯಾಟರಿ ವೈರು ಹಿಡಿದು 'ಚೆಕ್' ಮಾಡುವ ಅಭ್ಯಾಸ ಕೆಲವರಿಗಿದೆ. ಹಿಡಿದೇ ಇದ್ದರೆ ಸುರುಳಿ ಸುಟ್ಟುಹೋಗುತ್ತದೆ.

ಒಂದೇ ವೇಗದಲ್ಲಿ ಹೋಗುವಾಗಿನ ಜರ್ಕ್

ಡಬ್ಬಿ ಹಾಕಿಸಿದವರ ದೂರುಗಳಲ್ಲಿ ಇದೇ ದೊಡ್ಡದು, ಇದೇ ಸ್ವಾರಸ್ಯದ್ದೂ ಹೌದು. ಎಕ್ಸಿಲೇಟರ್ ತಿರುಗಿಸಿದರೆ ಗಾಡಿ ಚೆನ್ನಾಗಿ ಏಳುತ್ತದೆ. ನಲವತ್ತು ಐವತ್ತರಲ್ಲಿ ಕೈ ಅಲ್ಲಾಡಿಸದೆ ಹೋಗುತ್ತಿದ್ದರೆ ಮುಂದೆ ಹಿಂದೆ ತೂಗುತ್ತದೆ. ಕಾರಣ ಇಬ್ಬರು ಯಜಮಾನರು. ಗಾಡಿ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವಾಗ ಇಸಿಯು ಆಕ್ಸಿಜನ್ ಸೆನ್ಸಾರನ್ನು ಕೇಳಿಕೊಂಡು ಪೆಟ್ರೋಲ್ ಹದ ಮಾಡುತ್ತದೆ. ಸೆನ್ಸಾರ್ 0.1 ವೋಲ್ಟ್ ಎಂದರೆ ಪೆಟ್ರೋಲ್ ಕಡಿಮೆ, 0.9 ಎಂದರೆ ಜಾಸ್ತಿ. 0.45ರ ಆಚೀಚೆ ಅದು ಹೊಯ್ದಾಡುತ್ತಲೇ ಇರಬೇಕು, ಅದೇ ಆರೋಗ್ಯದ ಲಕ್ಷಣ. ಈಗ ಪಿಗ್ಗಿಬ್ಯಾಕ್ ಬಂದು ಇಂಜೆಕ್ಟರ್‌ನಲ್ಲಿ ನೂರಕ್ಕೆ ಹತ್ತು ಹೆಚ್ಚಿಗೆ ಬಿಟ್ಟಿತು ಅನ್ನಿ. ಸೆನ್ಸಾರ್ 'ಜಾಸ್ತಿಯಾಯಿತು' ಎಂದು ಚಾಡಿ ಹೇಳುತ್ತದೆ, ಇಸಿಯು ಹತ್ತು ಕಡಿಮೆ ಮಾಡುತ್ತದೆ, ಡಬ್ಬಿ ಮತ್ತೆ ಅದರ ಮೇಲೆ ಹತ್ತು ಸೇರಿಸುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಇಸಿಯು ಕಲಿತ ಆ ಕಡಿತದ ಲೆಕ್ಕವನ್ನು ಪೂರ್ತಿ ಎಕ್ಸಿಲೇಟರ್ ಕೊಟ್ಟಾಗಲೂ ಹೊತ್ತೊಯ್ದರೆ, ದುಡ್ಡು ಕೊಟ್ಟು ತಂದ ಲಾಭವೂ ಅಲ್ಲಿ ಕರಗಿಹೋಗುತ್ತದೆ.

ಹಾಗಾಗಿ ಪಿಗ್ಗಿಬ್ಯಾಕ್ ಇಂಜೆಕ್ಟರ್‌ಗೆ ಮಾತ್ರ ಜೋಡಿಸುವುದೋ, ಆಕ್ಸಿಜನ್ ಸೆನ್ಸಾರ್‌ನ ಕಪ್ಲರ್‌ಗೂ ಜೋಡಿಸಬೇಕೋ ಎಂದು ಅದರ ಜೊತೆ ಬಂದ ಹಾಳೆಯಲ್ಲಿ ನೋಡಿ. ಎರಡನೆಯ ಕಪ್ಲರನ್ನು ಹಾಕದೆ ಬಿಟ್ಟವರಿದ್ದಾರೆ, ಒಂದರ ಮೇಲೊಂದು ಡಬ್ಬಿ ಹಾಕಿದವರೂ ಇದ್ದಾರೆ: ಮೊದಲು ಹಾಕಿಸಿದ ಗಾಳಿಸೆನ್ಸಾರ್ ತುಂಡು ಏರ್‌ಫಿಲ್ಟರ್ ಡಬ್ಬದ ಹಿಂದೆ ಮರೆತುಹೋಗಿರುತ್ತದೆ, ಅದರ ಮೇಲೆ ಪಿಗ್ಗಿಬ್ಯಾಕ್ ಬಂದಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ತಂದವರು ಇದನ್ನು ಹುಡುಕಲೇಬೇಕು. ಹಲವು ಮ್ಯಾಪ್ ಇರುವ ಡಬ್ಬಿಯಾದರೆ ಅತಿ ಕಡಿಮೆ ಬದಲಾವಣೆಯ ಮ್ಯಾಪಿನಿಂದ ಶುರು ಮಾಡಿ, ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತಿ. ಫ್ರೀಫ್ಲೋ ಸೈಲೆನ್ಸರ್‌ಗೆ ಬರೆದ ಮ್ಯಾಪನ್ನು ಕಂಪನಿ ಸೈಲೆನ್ಸರ್‌ಗೆ ಹಾಕಿದರೆ ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿನ ಮೇಲೆ ಒಣ ಮಸಿ ಕೂರುತ್ತದೆ, ಮೈಲೇಜು ಬೀಳುತ್ತದೆ. ಪ್ಲಗ್ ಬೂದಿ ಬಿಳುಪಾಗಿದ್ದರೆ ತಿರುಗಿಸಿ ಓದಿಕೊಳ್ಳಿ, ಪೆಟ್ರೋಲ್ ಸಾಲುತ್ತಿಲ್ಲ. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಕಟಕಟ ಎಂದರೆ ಕಿಡಿಯ ಹೊತ್ತು ಮುಂದಾಗಿದೆ. ಆ ಮ್ಯಾಪಿನಲ್ಲಿ ಒಂದು ಕಿಲೋಮೀಟರ್ ಕೂಡ ಮುಂದೆ ಹೋಗಬೇಡಿ.

ಎಕ್ಸಿಲೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆಯುವುದಕ್ಕೂ ಮ್ಯಾಪನ್ನೇ ಬೈಯುತ್ತಾರೆ. ಮೊದಲು ಎಂಜಿನ್‌ಗೂ ಬೆಂಡ್ ಪೈಪಿಗೂ ನಡುವಿನ ಗ್ಯಾಸ್ಕೆಟ್ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೈಯನ್ನು ಸ್ವಲ್ಪ ದೂರದಲ್ಲಿ ಹಿಡಿದರೆ ಗಾಳಿ ಬಡಿಯುವುದು ಗೊತ್ತಾಗುತ್ತದೆ, ಮಸಿಯ ಗೆರೆಯೂ ಕಾಣುತ್ತದೆ. ಆ ಸಂದಿನಿಂದ ಹೊರಗಿನ ಗಾಳಿ ಒಳಗೆಳೆದುಕೊಂಡರೆ ಆಕ್ಸಿಜನ್ ಸೆನ್ಸಾರ್ ಮೋಸ ಹೋಗಿ 'ಪೆಟ್ರೋಲ್ ಕಡಿಮೆ' ಎನ್ನುತ್ತದೆ, ಇಸಿಯು ಸುಮ್ಮಸುಮ್ಮನೆ ಸುರಿಯುತ್ತದೆ. ಸಂದಿಗೆ ಸಿಲಿಕಾನ್ ಪೇಸ್ಟ್ ಮೆತ್ತುವುದು ಇನ್ನೂ ಕೆಟ್ಟದ್ದು. ಅದರ ಆವಿ ಆಕ್ಸಿಜನ್ ಸೆನ್ಸಾರ್‌ಗೆ ವಿಷ. ಹೊಸ ಗ್ಯಾಸ್ಕೆಟ್ ಹಾಕಿ, ಸೆನ್ಸಾರ್ ಉಳಿಸಿಕೊಳ್ಳಿ.

ಬಿಸಿಲು, ಧೂಳು, ಬಾಟಲಿ ಪೆಟ್ರೋಲು

ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಎರಡು ಗಂಟೆಗೆ ಆಫ್ ಆಗುವ ಗಾಡಿ ಬೆಂಗಳೂರಿನ ವರ್ಕ್‌ಶಾಪಿನಲ್ಲಿ ನಿಂತು ತನ್ನ ರೋಗ ತೋರಿಸುವುದಿಲ್ಲ. ಏಪ್ರಿಲ್, ಮೇನಲ್ಲಿ ಬಳ್ಳಾರಿ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದು ಮಾಮೂಲು. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಐವತ್ತು ರೂಪಾಯಿಗೆ ಹಾಕಿಸಿ ರಿಸರ್ವಿನಲ್ಲೇ ಓಡಿಸುವವರ ಪಂಪು ಬಿಸಿಯಾಗಿ, ಆವಿ ಎಳೆದು, ಒತ್ತಡ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ. ಇಷ್ಟರಿಂದಲೇ 'ಡಬ್ಬಿಯ ತೊಂದರೆ' ಹೋಗಿದ್ದುಂಟು. ಡಬ್ಬಿಯನ್ನು ಎಂಜಿನ್ ಪಕ್ಕ ತುರುಕಿದ್ದರೆ ಸೀಟಿನಡಿಗೆ ವರ್ಗಾಯಿಸಿ.

ಪೆಟ್ರೋಲೂ ಮೊದಲಿನದಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಇ20. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಗೆ ಹದಿಮೂರೂವರೆ. ಅಂದರೆ ಅಷ್ಟೇ ಗಾಳಿಗೆ ಈಗ ಹೆಚ್ಚು ಇಂಧನ ಬೇಕು. ಇ10 ಕಾಲದಲ್ಲಿ ಬರೆದ ಮ್ಯಾಪ್ ಇ20ಯಲ್ಲಿ ನೂರಕ್ಕೆ ನಾಲ್ಕರಷ್ಟು ಬಡವಾಗುತ್ತದೆ. ಸೆನ್ಸಾರ್ ಮಾತು ನಡೆಯುವ ವೇಗದಲ್ಲಿ ಇಸಿಯು ಅದನ್ನು ತುಂಬಿಕೊಳ್ಳುತ್ತದೆ, ಪೂರ್ತಿ ಎಕ್ಸಿಲೇಟರ್‌ನಲ್ಲಿ ಅಲ್ಲ. ಹಳೆಯ ಡಬ್ಬಿಯಾದರೆ ಮಾರಿದವರಲ್ಲಿ ಇ20ಗೆ ತಿದ್ದಿದ ಮ್ಯಾಪ್ ಕೇಳಿ. ಮೈಲೇಜಿನ ಲೆಕ್ಕದಲ್ಲೂ ಇದು ನೆನಪಿರಲಿ: ನೀತಿ ಆಯೋಗದ 2021ರ ಎಥನಾಲ್ ವರದಿಯೇ, ಎಥನಾಲ್ ಇಲ್ಲದ ಪೆಟ್ರೋಲಿಗೆ ತಯಾರಾಗಿ ಇ10ಗೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20ಯಿಂದ ಮೈಲೇಜು ಶೇ 3ರಿಂದ 4 ಇಳಿಯಬಹುದೆಂದು ಹೇಳಿತ್ತು. ಆ ಪಾಪವನ್ನು ಡಬ್ಬಿಯ ತಲೆಗೆ ಕಟ್ಟಬೇಡಿ. ಎಥನಾಲ್ ನೀರು ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿ, ಅಂಗಡಿಯ ಬಾಟಲಿ ಪೆಟ್ರೋಲ್ ಹಾಕಿಸಿದ ಗಾಡಿ ಮಿಸ್ಸಿಂಗ್ ಹೊಡೆದರೆ ಟ್ಯಾಂಕ್ ಖಾಲಿ ಮಾಡಿಸಿ, ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದಿಟ್ಟು ನೋಡಿ. ಕೆಳಗೆ ಬೇರೆ ಪದರ ನಿಂತರೆ ಉತ್ತರ ಸಿಕ್ಕಿತು.

ಧೂಳಿಗೆ ಹೆಚ್ಚು ಮಾತು ಬೇಡ. ಹೊಲದ ದಾರಿಯ ಗಾಡಿಗೆ ಏರ್‌ಫಿಲ್ಟರನ್ನು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಫಿಲ್ಟರ್ ಬದಲಿಸುವ ಮೊದಲು ಮ್ಯಾಪ್ ಬದಲಿಸಬೇಡಿ.

ಚೆಕ್ ಲೈಟ್ ಹೇಳುವ ಮಾತು

ಮೀಟರಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಹತ್ತಿದರೆ ಹೆದರಬೇಡಿ, ಕೋಡ್ ಓದುವ ಮೊದಲೇ ಬ್ಯಾಟರಿ ಬಿಚ್ಚಿ ಅಳಿಸಲೂ ಹೋಗಬೇಡಿ. ಗಾಡಿ ತಾನಾಗಿ ಬಾಯಿ ಬಿಟ್ಟಾಗ ಬಾಯಿ ಮುಚ್ಚಿಸುವುದು ಬುದ್ಧಿಯಲ್ಲ. ಬಿಎಸ್6 ಬೈಕುಗಳಲ್ಲಿ ಸಾಮಾನ್ಯವಾಗಿ ಸೀಟಿನಡಿ ಆರು ಪಿನ್ನಿನ ಡಯಾಗ್ನೋಸ್ಟಿಕ್ ಕಪ್ಲರ್ ಇರುತ್ತದೆ. ಶೋರೂಮಿನ ಸ್ಕ್ಯಾನರ್ ಅಥವಾ ಅಡಾಪ್ಟರ್ ಜೊತೆ ಇಎಲ್‌ಎಂ327 ಬ್ಲೂಟೂತ್ ತುಂಡು ಹಾಕಿ ಮೊಬೈಲಿನಲ್ಲಿ ಕೋಡ್ ಓದಬಹುದು. ಅಗ್ಗದ ತುಂಡು ಎಲ್ಲ ಗಾಡಿಯ ಜೊತೆಗೂ ಮಾತಾಡುವುದಿಲ್ಲ. ಪಿ0201 ಬಂದರೆ ಇಂಜೆಕ್ಟರ್‌ನ ವೈರು. ಡಬ್ಬಿ ಹಾಕಿದ ಕೂಡಲೇ ಇದು ಬಂದಿದ್ದರೆ ನೇರವಾಗಿ ಆ ಕಪ್ಲರ್‌ಗೇ ಹೋಗಿ. ಪಿ0130 ಆಕ್ಸಿಜನ್ ಸೆನ್ಸಾರ್‌ನ ವೈರು, ಪಿ0335 ಕ್ರ್ಯಾಂಕ್ ಸೆನ್ಸಾರ್, ಪಿ0562 ವೋಲ್ಟೇಜ್ ಬಿದ್ದದ್ದು. ಪಿ0171 ಎಂದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿ0172 ಎಂದರೆ ಮಿತಿಮೀರಿದೆ. ಡಬ್ಬಿ ಹಾಕಿದ ಗಾಡಿಯಲ್ಲಿ ಪಿ0172 ಬಂದರೆ ಮ್ಯಾಪ್ ಇಳಿಸಬೇಕೆಂದು ಇಸಿಯು ಬಾಯಿಬಿಟ್ಟು ಹೇಳಿದಂತೆಯೇ. ಕೋಡಿನಿಂದ ಯಾವ ಬೀದಿ ಎಂದಷ್ಟೇ ಗೊತ್ತಾಗುತ್ತದೆ, ಮನೆ ಹುಡುಕುವುದು ನಿಮ್ಮ ಕೆಲಸ. ಪಿ0130 ಬಂತೆಂದು ಸೆನ್ಸಾರ್ ಬದಲಿಸಿ, ಹಳೆ ಸೆನ್ಸಾರೇ ಸರಿಯಿತ್ತೆಂದು ಆಮೇಲೆ ತಿಳಿಯುವುದು ದುಬಾರಿ ಪಾಠ.

ಕಾನೂನು, ವಾರಂಟಿ, ಫೋನ್ ಕರೆ

ಕಾನೂನಿನ ಮಾತು ಮುಚ್ಚಿಡುವುದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಗಾಡಿಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆಕ್ಸಿಜನ್ ಸೆನ್ಸಾರನ್ನು ಕಿತ್ತು ಅದರ ಜಾಗಕ್ಕೆ ಸುಳ್ಳು ತುಂಡು ಹಾಕುವುದು ಹೊಗೆ ಪರೀಕ್ಷೆಗೂ ಒಳ್ಳೆಯದಲ್ಲ, ಎಂಜಿನ್‌ಗೂ ಅಲ್ಲ. ವಾರಂಟಿಯಲ್ಲಿರುವ ಗಾಡಿಯ ಎಂಜಿನ್ ಕೆಟ್ಟರೆ ಡಬ್ಬಿ ನೋಡಿದ ಕೂಡಲೇ ಶೋರೂಮಿನವರು ಕೈತೊಳೆದುಕೊಳ್ಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಕಂಪನಿ ಸೈಲೆನ್ಸರ್ ಇರುವ ನೂರು, ನೂರಿಪ್ಪತ್ತೈದು ಸಿಸಿ ಗಾಡಿಗೆ ಡಬ್ಬಿಯ ದುಡ್ಡಿನಲ್ಲಿ ಒಂದು ಒಳ್ಳೆ ಬ್ಯಾಟರಿ, ಪ್ಲಗ್, ಫಿಲ್ಟರ್ ಬಂದು ಇನ್ನೂ ಉಳಿಯುತ್ತದೆ. ಅಷ್ಟರಲ್ಲೇ ಜರ್ಕ್ ಹೋಗುವ ಗಾಡಿಗಳು ಬೇಕಾದಷ್ಟಿವೆ.

ಹಾಕಿಸಿಯಾಗಿದೆ, ಮೇಲಿನದೆಲ್ಲ ನೋಡಿಯೂ ಆಗಿದೆ, ಆದರೂ ತೊಂದರೆ ಇದೆ ಎಂದರೆ ಮಾರಿದವರಿಗೇ ಫೋನ್ ಮಾಡಬೇಕು. ದೇವಸಮುದ್ರದಿಂದ ಬೆಂಗಳೂರಿಗೆ ಗಾಡಿ ಹೊಡೆದುಕೊಂಡು ಹೋಗಿ ತೋರಿಸುವುದು ಎಲ್ಲರಿಗೂ ಆಗದ ಮಾತು, ಹಾಗಾಗಿ ಫೋನಿನಲ್ಲೇ ಕೆಲಸ ಮುಗಿಯುವಂತೆ ತಯಾರಾಗಿ. "ಗಾಡಿ ಸರಿ ಓಡ್ತಿಲ್ಲ ಸರ್" ಎಂದರೆ ಅತ್ತಲಿನವರಿಗೆ ಏನೂ ತಿಳಿಯುವುದಿಲ್ಲ. ಗಾಡಿಯ ಮಾಡೆಲ್ ಮತ್ತು ವರ್ಷ, ಡಬ್ಬಿಯ ಸೀರಿಯಲ್ ನಂಬರು, ಈಗಿರುವ ಮ್ಯಾಪ್, ಸೈಲೆನ್ಸರ್ ಮತ್ತು ಫಿಲ್ಟರ್ ಕಂಪನಿಯದೋ ಬೇರೆಯದೋ, ಬಂದಿರುವ ಕೋಡ್, ಬ್ಯಾಟರಿಯ ವೋಲ್ಟ್, ತೊಂದರೆ ತಣ್ಣಗಿದ್ದಾಗ ಬರುತ್ತದೋ ಬಿಸಿಯಾದ ಮೇಲೋ, ಯಾವ ಗೇರಿನಲ್ಲಿ ಎಷ್ಟು ರೇಸಿಗೆ, ಡಬ್ಬಿ ಬಿಚ್ಚಿದಾಗ ಹೋಯಿತೋ ಇಲ್ಲವೋ: ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಕರೆ ಮಾಡಿ. ಜೊತೆಗೆ ಕೀ ಆನ್ ಮಾಡುವುದರಿಂದ ಹಿಡಿದು ತೊಂದರೆ ಬರುವವರೆಗೂ, ಮೀಟರಿನ ಮುಳ್ಳೂ ಡಬ್ಬಿಯ ದೀಪವೂ ಕಾಣುವಂತೆ, ಸದ್ದು ಕೇಳುವಂತೆ ಒಂದು ವಿಡಿಯೋ ಮಾಡಿ ಕಳಿಸಿ. ಓಡಿಸುತ್ತಾ ನೀವೇ ತೆಗೆಯಬೇಡಿ, ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳಿ.